ಹಾನಿ ಇದ್ದ ಹಾಗೇ ಇರಲಿ

ಮೇ ೧೪, ಬುಧವಾರ

ಗಾಳಿಯ ಸದ್ದು ಇನ್ನೂ ಕಿವಿಯಲ್ಲೇ ಇದೆ. ಬರೆದರೆ ನಿಂತೀತು ಎಂದು ಕುಳಿತಿದ್ದೇನೆ.

ಮಧ್ಯಾಹ್ನ ಹುಡುಗಿಯರು ಊಟಕ್ಕೆ ಕುಳಿತಿದ್ದಾಗ ನವಿಲುತೀರ್ಥದ ಕಡೆಯ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತು. ಅಡುಗೆಯ ಲಗಮವ್ವ ಕಿಟಕಿಯಿಂದ ಇಣುಕಿ, "ಅಕ್ಕಾರ, ಇದು ಬರೇ ಮಳಿ ಅಲ್ರಿ. ಹುಡುಗ್ಯಾರನ್ನ ಒಳಗ ಕರ್ಕೋರಿ" ಎಂದಳು. ಆಕೆಯ ಮಾತು ಮುಗಿಯುವುದರೊಳಗೆ ಗಾಳಿ ಬಂದೇಬಿಟ್ಟಿತು. ಈ ಗುಡ್ಡದ ಮೇಲೆ ಗಾಳಿಗೆ ಅಡ್ಡ ನಿಲ್ಲುವುದು ನಮ್ಮ ಹಾಸ್ಟೆಲ್ ಒಂದೇ. ಮಹಡಿಗೆ ಹೊದಿಸಿದ್ದ ತಗಡಿನ ಪತ್ರಾಸುಗಳು ಕಿತ್ತು, ಹಪ್ಪಳದ ಹಾಗೆ ಮಡಚಿಕೊಂಡು, ಮುನವಳ್ಳಿ ರಸ್ತೆಯತ್ತ ಹಾರಿದವು. ಆಮೇಲೆ ಕಲ್ಲು ಹಲ್ಲು ಕಡಿದಂಥ ಒಂದು ಸದ್ದು. ಮೂಲೆ ಖೋಲಿಯ ಮೇಲಿದ್ದ ಸಿಮೆಂಟಿನ ನೀರಿನ ಟಾಕಿ ತನ್ನ ಜಾಗ ಬಿಟ್ಟು ಸರಿದಿತ್ತು.

ಊಟದ ಮನೆಯಲ್ಲಿ ಎಲ್ಲರೂ ಇದ್ದರು, ಹಿನಾಕೌಸರ ಇರಲಿಲ್ಲ. ಸುರೇಬಾನದವಳು, ಎಂ.ಎ. ಇತಿಹಾಸ, ನನ್ನ ತರಗತಿಯಲ್ಲಿ ನನ್ನನ್ನೇ ಪೇಚಿಗೆ ಸಿಕ್ಕಿಸುವಂಥ ಪ್ರಶ್ನೆ ಕೇಳುವ ಹುಡುಗಿ. ಜ್ವರ ಬಂದು ಮಲಗಿದ್ದ ಶಬನಮ್‌ಳನ್ನು ಕರೆತರಲು ಮಹಡಿಗೆ ಓಡಿದ್ದಳಂತೆ. ನಾನು ಪಾವಟಿಗೆ ಹತ್ತುವಷ್ಟರಲ್ಲಿ ಗೆಳತಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿದು ಬಂದಳು. ತಲೆ ತುಂಬ ಸುಣ್ಣದ ಪುಡಿ. ಇಬ್ಬರನ್ನೂ ಅಪ್ಪಿಕೊಂಡು ಅತ್ತುಬಿಟ್ಟೆ.

"ಯಾಕ ಅಳ್ತೀರಿ ಮೇಡಮ್? ಬಂದೇವಲ್ರಿ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಮೂಲೆ ಖೋಲಿಯ ಗೋಡೆಯಲ್ಲಿ ಸೂರಿನಿಂದ ನೆಲದವರೆಗೆ ಬಿರುಕು. ಟಾಕಿಯ ನೀರು ಹೊರಹಾಕಿಸಿ ಖಾಲಿ ಮಾಡಿಸಿದ್ದೇನೆ. ಮಹಡಿಯ ಹುಡುಗಿಯರೆಲ್ಲ ಈಗ ಕೆಳಗೆ, ವಾಚನಾಲಯದಲ್ಲಿ. ಮೇಲಿನ ಬಾಗಿಲಿಗೆ ಬೀಗ ಜಡಿದು ಕೀಲಿ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ವಾರ್ಡನ್ ಆಗಿರುವಷ್ಟು ದಿನ ಒಬ್ಬಳನ್ನೂ ಮೇಲೆ ಬಿಡುವುದಿಲ್ಲ.

ಮೇ ೧೭, ಶನಿವಾರ

ವಿಶ್ವವಿದ್ಯಾಲಯದಿಂದ ಇಂಜಿನಿಯರು ಬಂದು ನೋಡಿದರು. "ಮ್ಯಾಲಿನ ಖೋಲಿ ಖಾಲಿ ಇಡ್ರಿ, ಟಾಕಿಗೆ ನೀರು ಬಿಡಬ್ಯಾಡ್ರಿ" ಎಂದರು. ನಾನು ಆಗಲೇ ಮಾಡಿದ್ದೇನೆ ಎಂದೆ. "ಛಲೋ ಮಾಡೀರಿ" ಎಂದರು.

ಮಹಡಿಯ ಮೇಲಿನ ಮುರಿದ ಪತ್ರಾಸು, ಇಟ್ಟಂಗಿ ಚೂರು ತೆಗೆಸೋಣವೆಂದು ನಮ್ಮ ಸ್ನಾತಕೋತ್ತರ ಕೇಂದ್ರದ ನಿರ್ದೇಶಕರಾದ ಗೌರೀಶ ಸರ್ ಅವರನ್ನು ಕೇಳಿದೆ.

"ಈಗ ಏನೂ ಮುಟ್ಟಬ್ಯಾಡ್ರಿ ಗಂಗಾ ಮೇಡಮ್. ಸರ್ಕಾರದಿಂದ ದುರಸ್ತಿಗೆ ನೆರವು ಬರೂದೈತಿ. ಅವರ ಪರಿಶೀಲನೆ ತಂಡದವರು ಬಂದು ಕಣ್ಣಾರೆ ನೋಡಬೇಕು. ಅಲ್ಲೀತನಕ ಹಾನಿ ಇದ್ದ ಹಾಗೇ ಇರ್ಲಿ."

"ಸರ್, ಮಳಿಗಾಲ ಬಾಗಲಾಗ ನಿಂತೈತಿ."

"ಮಳಿ ಪ್ರತಿವರ್ಷ ಬರತೈತಿ. ನೆರವು ಬರೂದಿಲ್ಲ."

ಜಗಳವಾಡಿಯೇ ಹೊರಬಂದೆ. ನಾಳೆ ಮತ್ತೆ ಆಡುತ್ತೇನೆ.

ಮೇ ೨೯, ಗುರುವಾರ

ಬಿರುಗಾಳಿಯಿಂದ ಹಾಳಾದ ವಿಶ್ವವಿದ್ಯಾಲಯದ ಕಟ್ಟಡಗಳಿಗೆ ಸರ್ಕಾರ ನೆರವು ಕೊಡುತ್ತದೆಂದು ಪತ್ರಿಕೆಯಲ್ಲಿ ಬಂದಿದೆ. ಕೇಂದ್ರದಲ್ಲಿ ಎಲ್ಲರೂ ಗೆದ್ದವರ ಹಾಗೆ ಓಡಾಡಿದರು. ಹೆಸರಿಲ್ಲದ ನಮ್ಮ ಕೇಂದ್ರದ ಹೆಸರು ಎರಡನೇ ಪುಟದಲ್ಲಿ!

ಹಿನಾಳ ತಂದೆ ದಾವಲಸಾಬ ಬಂದಿದ್ದರು. ಸುರೇಬಾನದಿಂದ ರಾಮದುರ್ಗಕ್ಕೆ ಟಂಟಂ ಆಟೋ ಓಡಿಸುತ್ತಾರೆ. ಗಾಡಿಯಲ್ಲಿ ದೊಡ್ಡದೊಂದು ತಾಡಪತ್ರಿ ತಂದಿದ್ದರು. "ಮೇಡಮ್ಮಾರ, ನಮ್ಮ ತಮ್ಮಂದು ಕಬ್ಬಿನ ಗಾಡೀದು. ಸುಮ್ನ ಮನ್ಯಾಗ ಬಿದ್ದಿತ್ರಿ. ಮ್ಯಾಲ ಹೊಚ್ಚತೇನಿ, ಗ್ವಾಡಿಗೆ ನೀರು ಇಳಿಯೂದರ ತಪ್ಪತೈತಿ."

ಯಾರನ್ನೂ ಕೇಳದೆ ಬೀಗ ತೆಗೆದುಕೊಟ್ಟೆ. ಬಿಸಿಲಲ್ಲಿ ನಿಂತು ಹೊದಿಸಿ, ನಾಲ್ಕೂ ಕಡೆ ಕಲ್ಲು ಹೇರಿ, ಬಿಗಿದು ಕಟ್ಟಿದರು. ಚಹಾ ಕುಡಿಯುತ್ತ, "ನೀವು ಇದ್ದೀರಿ ಅಂತ ನಮಗ ಚಿಂತಿ ಇಲ್ರಿ" ಎಂದರು. ಬಹಳ ದಿನಗಳ ಮೇಲೆ ಸಂತೋಷವಾಯಿತು.

ಜೂನ್ ೧೦, ಮಂಗಳವಾರ

ತಾಡಪತ್ರಿ ತೆಗೆಸಿದೆ.

ಗುರುವಾರ ತಂಡ ಬರುತ್ತದೆಂದು ಗೌರೀಶ ಸರ್ ಹೇಳಿದರು. ಮುಚ್ಚಿಟ್ಟರೆ ಹಾನಿ ಕಾಣುವುದು ಹೇಗೆ? ಅದೂ ಸರಿಯೇ. ಎರಡು ದಿನದ ಮಾತು. ನೋಡಿ ಹೋದ ಮೇಲೆ ಮತ್ತೆ ಹೊದಿಸಿದರಾಯಿತು. ಮಡಚಿ ಉಗ್ರಾಣದಲ್ಲಿ ಇಟ್ಟಿದ್ದೇನೆ.

ನನ್ನನ್ನು ದುರಸ್ತಿ ಸಮಿತಿಗೆ ಸೇರಿಸಿದ್ದಾರೆ. "ನಿಮ್ಮಷ್ಟು ಆ ಕಟ್ಟಡ ಯಾರಿಗೆ ಗೊತ್ತೈತಿ?" ಎಂದರು ಸರ್. ಇಷ್ಟು ವರ್ಷದಲ್ಲಿ ಯಾವ ಸಮಿತಿಗೂ ನನ್ನನ್ನು ಕರೆದಿರಲಿಲ್ಲ.

ಜೂನ್ ೧೨, ಗುರುವಾರ

ತಂಡ ಬರಲಿಲ್ಲ. ಮಳೆ ಬಂತು.

ಜೂನ್ ೨೧, ಶನಿವಾರ

ಮಹಡಿಯ ನೆಲ ಕೆರೆಯಾಗಿದೆ. ಕೆಳಗಿನ ಗೋಡೆಗಳಲ್ಲೂ ತೇವ ಇಳಿದು ಹಸಿರು ಬಣ್ಣ ಹಬ್ಬುತ್ತಿದೆ. ವಾಚನಾಲಯದಲ್ಲಿ ಹುಡುಗಿಯರು ಕಾಲು ಚಾಚಲು ಜಾಗವಿಲ್ಲದೆ ದಿನವೂ ಜಗಳ. ನನಗೂ ತಲೆ ಚಿಟ್ಟು ಹಿಡಿದಿದೆ. ತಾಡಪತ್ರಿ ಹೊದಿಸೋಣವೆಂದರೆ, ತಂಡ ಇಂದು ಬಂದೀತು ನಾಳೆ ಬಂದೀತು ಎನ್ನುತ್ತಾರೆ.

ಇಂದು ಗೌರೀಶ ಸರ್ ಕರೆಸಿ ಚಹಾ ತರಿಸಿದರು. ಅವರ ಮಾತು ಮೆಲ್ಲಗಿತ್ತು.

"ಮೇಡಮ್, ಒಂದು ತೊಡಕಾಗೇತಿ. ಬಳಕೆಯಲ್ಲಿರೂ ಕಟ್ಟಡಕ್ಕ ಮೊದಲ ನೆರವು ಅಂತ ಮಾಡ್ಯಾರ. ನಮ್ಮ ಮಹಡಿ ಖಾಲಿ ಐತಿ ಅಂದ್ರ ಕೊನೀ ಸಾಲಿಗೆ ಹಾಕ್ತಾರ. ಕೊನೀ ಸಾಲಿಗೆ ಬಿದ್ದಾವರಿಗೆ ಎಂದರ ಸಿಕ್ಕಿದ್ದು ನೋಡೀರೇನು?"

"ಅಂದ್ರ ಹುಡುಗ್ಯಾರನ್ನ ಮತ್ತ ಮ್ಯಾಲ ಹಾಕಬೇಕಂತೀರಿ?"

"ನಾ ಹಂಗಂದಿಲ್ಲ. ನೀವು ಸಮಿತಿಯವರು, ನೀವ ವಿಚಾರ ಮಾಡ್ರಿ."

ಸಾಧ್ಯವೇ ಇಲ್ಲವೆಂದು ಎದ್ದು ಬಂದೆ. ಚಹಾ ಕುಡಿಯಲಿಲ್ಲ. ಈ ಮನುಷ್ಯನಿಗೆ ಮಕ್ಕಳಿಲ್ಲವೇ?

ಜುಲೈ ೫, ಶನಿವಾರ

ನಾಲ್ಕು ಮಂಚ ಮೇಲೆ ಹಾಕಿಸಿದೆ. ಬರೇ ನಾಲ್ಕು. ಅದೂ ಮೂಲೆ ಖೋಲಿಯ ಬಾಗಿಲ ಕಡೆಯ ಗೋಡೆಗೆ ಹೊಂದಿಸಿ. ಬಿರುಕಿರುವುದು ಎದುರಿನ ಗೋಡೆ. ಮಳೆ ಬಿಟ್ಟು ಮೂರ್ನಾಲ್ಕು ದಿನವಾಗಿದೆ. ಬಿಸಿಲೂ ಬಂದಿದೆ. ಪತ್ರಾಸು ಉಳಿದ ಭಾಗ ಬೆಚ್ಚಗೇ ಇದೆ. ಮೇಲಿನ ಬಚ್ಚಲಿಗೆ ನೀರಿಲ್ಲದೆ ಇರಲಾಗದೆಂದು ಟಾಕಿಗೆ ಅರ್ಧ ನೀರು ಬಿಡಿಸಿದ್ದೇನೆ.

ಯಾರು ಹೋಗುತ್ತೀರಿ ಎಂದಾಗ ಯಾರೂ ಏಳಲಿಲ್ಲ. ಹಿನಾಕೌಸರ ಎದ್ದು ನಿಂತಳು.

"ಮೇಡಮ್, ಇಂಜಿನಿಯರ್ ಖಾಲಿ ಇಡ್ರಿ ಅಂದಿದ್ರಲ್ರಿ?"

"ಅವರು ಅವತ್ತು ಹೇಳಿದ್ದು. ಈಗ ಸಮಿತಿ ನೋಡೇತಿ."

"ಸಮಿತ್ಯಾಗ ಇಂಜಿನಿಯರ್ ಅದಾರೇನ್ರಿ?"

ಕೆಲವು ಹುಡುಗಿಯರು ನಕ್ಕರು. ನನಗೆ ಸಿಟ್ಟು ಬಂತು. ಆದರೂ ತಡೆದುಕೊಂಡು, "ನಾ ಇದ್ದೇನಲ್ಲ ಹಿನಾ. ನಿಮಗ ಕೆಟ್ಟದ್ದು ಮಾಡ್ತೇನೇನು?" ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಾಸಿಗೆ ಸುತ್ತಿಕೊಂಡು ತಾನೇ ಮೊದಲು ಮೇಲೆ ಹೋದಳು. ಅವಳ ಹಿಂದೆ ಉಳಿದ ಮೂವರು.

ಒಳ್ಳೆಯ ಹುಡುಗಿ. ಹೇಳಿದರೆ ತಿಳಿದುಕೊಳ್ಳುತ್ತಾಳೆ.

ಜುಲೈ ೧೩, ಭಾನುವಾರ, ಬೈಲಹೊಂಗಲ

ಮನೆಗೆ ಬಂದಿದ್ದೇನೆ. ಊಟಕ್ಕೆ ಕುಳಿತಾಗ ಗಂಡ ಕಲ್ಮೇಶರಿಗೆ ಕೇಂದ್ರದ ಸುದ್ದಿ ಹೇಳಿದೆ. ತಂಡ ಬಂದರೆ ಯಾವ ಕಡೆಯಿಂದ ಕರೆದೊಯ್ಯಬೇಕು, ಮೊದಲು ಏನು ತೋರಿಸಬೇಕು ಎಂದೆಲ್ಲ ನಾನೇ ಗೊತ್ತುಮಾಡಿದ್ದೇನೆ. ಕಲ್ಮೇಶ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಮೇ ತಿಂಗಳಾಗ ನೀ ಹುಡುಗ್ಯಾರ ಸುದ್ದಿ ಹೇಳ್ತಿದ್ದಿ. ಈಗ ಬರೇ ಗ್ವಾಡಿ ಸುದ್ದಿ ಹೇಳಾಕತ್ತೀ" ಎಂದರು.

ಅಂಗಡಿಯಲ್ಲಿ ಕುಳಿತವರಿಗೆ ಆಡಳಿತದ ಕಷ್ಟ ಏನು ಗೊತ್ತು? ಮಾತು ಬೆಳೆಸಲಿಲ್ಲ.

ಜುಲೈ ೧೯, ಶನಿವಾರ

ಮತ್ತೆ ಮಳೆ ಹಿಡಿದಿದೆ. ಲಗಮವ್ವ ಮಹಡಿ ಗುಡಿಸಲು ಹೋದವಳು ಓಡಿ ಬಂದು, ಬಿರುಕಿನೊಳಗೆ ತನ್ನ ಕೈ ಹೋಗುತ್ತದೆ, ಆಚೆಯ ಬೆಳಕು ಕಾಣುತ್ತದೆ ಎಂದು ಹುಡುಗಿಯರ ಮುಂದೆಯೇ ಕೂಗಾಡಿದಳು. ಒಳಗೆ ಕರೆದು ಬೈದೆ. ಹೀಗೆ ಹೆದರಿಸಿದರೆ ಹಾಸ್ಟೆಲ್ ನಡೆಯುವುದು ಹೇಗೆ? ಬಿರಿದಿರುವುದು ಮೇಲೆ ಬಳಿದ ಗಿಲಾವು. ಗೋಡೆಯಲ್ಲ.

"ಅಕ್ಕಾರ, ನೀವು ಮ್ಯಾಲ ಹೋಗಿ ನೋಡಿ ಎಷ್ಟು ದಿನ ಆತ್ರಿ?" ಎಂದು ಕೇಳಿದಳು.

ಸಮಿತಿಯ ಕೆಲಸದಲ್ಲಿ ಬಿಡುವೇ ಆಗಿಲ್ಲ.

ಜುಲೈ ೨೩, ಬುಧವಾರ

ನಾಳೆ ತಂಡ ಬರುವುದು ಖಚಿತ. ಹಿನಾಳನ್ನು ಕರೆದು, ನಾಳೆ ತರಗತಿಗೆ ಹೋಗಬೇಡ, ಮೇಲಿನ ಖೋಲಿಯಲ್ಲೇ ಇರು, ತಂಡದವರು ಕೇಳಿದರೆ ವಿದ್ಯಾರ್ಥಿನಿಯರ ಪರವಾಗಿ ನೀನೇ ಮಾತಾಡು ಎಂದೆ. ಅವಳಷ್ಟು ಸ್ಪಷ್ಟವಾಗಿ ಯಾರೂ ಮಾತಾಡುವುದಿಲ್ಲ.

"ಇದ್ದದ್ದು ಇದ್ದಂಗ ಹೇಳ್ಲೇನ್ರಿ ಮೇಡಮ್?"

"ಹೂಂ, ಮತ್ತ? ಅಂಜಿಕಿ ಆಗತೈತಿ ಅಂತ ಹೇಳು."

"ಅದನ್ನ ಕಲಿಸಿಕೊಡೂದು ಬ್ಯಾಡ್ರಿ" ಎಂದಳು.

ಜುಲೈ ೨೪, ಗುರುವಾರ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಹನ್ನೊಂದರ ಸುಮಾರಿಗೆ ಗೌರೀಶ ಸರ್ ಫೋನ್ ಮಾಡಿ, ತಂಡ ಮುನವಳ್ಳಿ ದಾಟಿದೆ, ಎಲ್ಲ ಸಜ್ಜಾಗಿರಲಿ ಎಂದರು. ನಾನು ಅಂಗಳದಲ್ಲಿ ಕೊಡೆ ಹಿಡಿದು ನಿಂತಿದ್ದೆ.

ಗೋಡೆ ಬಿತ್ತು. ಮೊದಲು ಸದ್ದೇ ಇರಲಿಲ್ಲ. ಮೂಲೆ ಖೋಲಿಯ ಹೊರಗೋಡೆ ದಣಿದವರು ಕುಳಿತುಕೊಳ್ಳುವ ಹಾಗೆ ಮೆಲ್ಲಗೆ ಕೆಳಗಿಳಿಯಿತು. ಅದರ ಮೇಲೆ ಟಾಕಿ. ಆಗ ಸದ್ದು ಬಂತು. ನೀರು ಪಾವಟಿಗೆಯ ಮೇಲೆ ಹಳ್ಳದಂತೆ ಹರಿಯಿತು. ನೀರು ಕೆಂಪಗಿತ್ತು. ಇಟ್ಟಂಗಿಯ ಪುಡಿ ಎಂದುಕೊಂಡೆ.

ಲಗಮವ್ವ, ಶಬನಮ್, ಮತ್ತಿಬ್ಬರು ಹುಡುಗಿಯರು ಮೇಲೆ ಓಡಿ ಬರಿಗೈಯಲ್ಲಿ ಕಲ್ಲು ಎತ್ತುತ್ತಿದ್ದರು. ನಾನು ಹಿಂದೆಯೇ ಹತ್ತಿ, ಖೋಲಿಯ ಬಾಗಿಲಲ್ಲಿ ನಿಂತು, "ಮುಟ್ಟಬ್ಯಾಡ್ರಿ! ಏನೂ ಸರಸಬ್ಯಾಡ್ರಿ, ತಂಡದವರು ಬಂದ್ರು!" ಎಂದು ಕೂಗಿದೆನಂತೆ. ಕೂಗಿದ್ದು ನೆನಪಿದೆ. ಉಳಿದ ಗೋಡೆಯೂ ಅವರ ಮೇಲೆ ಬಿದ್ದೀತೆಂಬ ಭಯದಿಂದ ಹೇಳಿದ ಮಾತು ಅದು. ಬೇರೆ ಯಾವ ಅರ್ಥವೂ ಅದಕ್ಕಿಲ್ಲ. ಲಗಮವ್ವ ತಿರುಗಿ ನೋಡಿದಳು. ಆಮೇಲೆ ನನ್ನತ್ತ ಬೆನ್ನು ಹಾಕಿ ಮತ್ತೆ ಕಲ್ಲು ಎತ್ತಿದಳು.

ಹಿನಾ ಅಳಲಿಲ್ಲ. ಅವಳ ಎಡಗಾಲು ಟಾಕಿಯ ತುಂಡಿನ ಅಡಿಯಲ್ಲಿತ್ತು. ತಂಡದವರ ಜೀಪಿನಲ್ಲೇ ಅವಳನ್ನು ಆಸ್ಪತ್ರೆಗೆ ಕಳಿಸಿದೆವು.

ತಂಡದವರಲ್ಲಿ ಇಬ್ಬರು ಉಳಿದುಕೊಂಡು ಫೋಟೋ ತೆಗೆದರು.

ಜುಲೈ ೨೬, ಶನಿವಾರ

ಬೆಳಗಾವಿಯ ಆಸ್ಪತ್ರೆಗೆ ಹೋಗಿಬಂದೆ. ಪಾದ ಉಳಿಯಲಿಲ್ಲ.

ದಾವಲಸಾಬ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತು, ಜಾಗ ಬಿಟ್ಟುಕೊಟ್ಟು, "ಕುಂದರ್ರಿ ಮೇಡಮ್ಮಾರ" ಎಂದರು. ಅಷ್ಟೇ. ನಾನು ಕೂರಲಿಲ್ಲ.

ಜುಲೈ ೩೧, ಗುರುವಾರ

ಗೋಡೆ ಬಿದ್ದುದರ ಬಗ್ಗೆ ವಿಶ್ವವಿದ್ಯಾಲಯದವರ ವಿಚಾರಣೆ ಇತ್ತು. ಹೋಗುವ ಮೊದಲು ಗೌರೀಶ ಸರ್ ಹೇಳಿದರು: "ಖೋಲಿ ಖಾಲಿ ಇತ್ತು. ಹುಡುಗಿ ಫೋನ್ ಚಾರ್ಜಿಗೆ ಹಚ್ಚಾಕಂತ ತಾನಾಗೇ ಮ್ಯಾಲ ಹೋಗಿದ್ಲು. ನಿಮ್ಮನ್ನ ಉಳಿಸೂ ಮಾತು ಇದು, ನನ್ನನ್ನಲ್ಲ."

"ಸರ್, ನೆರವಿಗೆ ಖೋಲಿ ಬಳಕ್ಯಾಗ ಐತಿ ಅಂತ ಹೇಳೇವಲ್ರಿ?"

"ಅದನ್ನ ಕೇಳಾವರು ಬ್ಯಾರೆ, ಇದನ್ನ ಕೇಳಾವರು ಬ್ಯಾರೆ."

ಅವರು ಹೇಳಿದ್ದನ್ನೇ ಹೇಳಿದೆ. ನನ್ನ ಧ್ವನಿ ನಡುಗಲಿಲ್ಲ, ಅದೇ ಆಶ್ಚರ್ಯ. ಶಬನಮ್ ಬೇರೆ ಏನೋ ಹೇಳಿದಳಂತೆ. ಹುಡುಗಿ ಆಘಾತದಲ್ಲಿದ್ದಾಳೆ ಎಂದು ಸರ್ ವಿವರಿಸಿದರಂತೆ.

ಆಗಸ್ಟ್ ೧೯, ಮಂಗಳವಾರ

ನೆರವು ಮಂಜೂರಾಗಿದೆ. ನಮ್ಮ ಕೇಂದ್ರವೇ ಮೊದಲ ಸಾಲಿನಲ್ಲಿ. ಗೌರೀಶ ಸರ್ ಎಲ್ಲರಿಗೂ ಕರದಂಟು ಹಂಚಿಸಿದರು. "ಇದು ಗಂಗಾ ಮೇಡಮ್ ಅವರ ಶ್ರಮ" ಎಂದು ಸಭೆಯಲ್ಲಿ ಹೇಳಿದರು. ಚಪ್ಪಾಳೆ ಬಿತ್ತು.

ಹಾಸ್ಟೆಲ್‌ಗೂ ಒಂದು ಪೊಟ್ಟಣ ಕಳಿಸಿದ್ದೆ. ಸಂಜೆ ನೋಡಿದರೆ ಬಿಚ್ಚದೆ ನನ್ನ ಬಾಗಿಲ ಮುಂದೆ ಇಟ್ಟು ಹೋಗಿದ್ದಾರೆ. ಲಗಮವ್ವ ಕೆಲಸ ಬಿಟ್ಟಳು, ಸಂಬಳಕ್ಕೂ ಬಂದಿಲ್ಲ. ಹುಡುಗಿಯರು ಮಾತ್ರ ಈಗ ಬಹಳ ಶಿಸ್ತಿನಿಂದ ಇದ್ದಾರೆ. ನಾನು ಒಳಗೆ ಬಂದೊಡನೆ ಎಲ್ಲ ಸದ್ದೂ ನಿಲ್ಲುತ್ತದೆ. ಮೊದಲು ಇಂಥ ಶಾಂತಿ ಇರಲಿಲ್ಲ.

ಸೆಪ್ಟೆಂಬರ್ ೩, ಬುಧವಾರ

ದಾವಲಸಾಬ ಮಗಳ ಟ್ರಂಕು, ಪುಸ್ತಕ ಒಯ್ಯಲು ಬಂದಿದ್ದರು. ಹಿನಾ ಟಂಟಂನಲ್ಲೇ ಕುಳಿತಿದ್ದಳು, ಇಳಿಯಲಿಲ್ಲ. ನಾನೇ ಹತ್ತಿರ ಹೋದೆ.

"ಪರೀಕ್ಷೆ ಬರೀಬೇಕು ಹಿನಾ. ನಾ ಎಲ್ಲ ಅನುಕೂಲ ಮಾಡಿಸಿಕೊಡತೇನಿ."

"ಬರೀತೇನ್ರಿ. ಬ್ಯಾರೆ ಕಡೆಯಿಂದ ಬರೀತೇನಿ." ಆಮೇಲೆ ಕೇಳಿದಳು: "ಮೇಡಮ್, ನಾ ಮ್ಯಾಲ ಯಾಕ ಹೋಗಿದ್ದೆ?"

"ಅಂದ್ರ?" ಎಂದೆ.

"ವಿಚಾರಣೆಯೊಳಗ ಏನು ಹೇಳೀರಿ ಅಂತ ಅಬ್ಬಾಗ ಯಾರೋ ಹೇಳಿದ್ರು. ನನಗ ನಿಮ್ಮ ಬಾಯಿಂದ ಕೇಳಬೇಕಾಗೇತಿ. ನಾ ಯಾಕ ಹೋಗಿದ್ದೆ?"

ದಾವಲಸಾಬ ಟ್ರಂಕನ್ನು ಗಾಡಿಯಲ್ಲಿ ಇಟ್ಟು, "ಬ್ಯಾಡ ಬಿಡವಾ" ಎಂದು ಮಗಳ ತಲೆ ಸವರಿ, ನನ್ನ ಕಡೆ ತಿರುಗಿ ಕೈಮುಗಿದರು. ಆ ಕೈಮುಗಿದ ರೀತಿ ನನಗೆ ಹಿಡಿಸಲಿಲ್ಲ. ಸತ್ತವರ ಮನೆಯ ಬಾಗಿಲಲ್ಲಿ ಮುಗಿಯುವ ಹಾಗಿತ್ತು. ಗಾಡಿ ಇಳಿಜಾರಿನಲ್ಲಿ ಮರೆಯಾಗುವವರೆಗೆ ಅಲ್ಲೇ ನಿಂತಿದ್ದೆ. ಹುಡುಗಿ ಹಿಂದಿರುಗಿ ನೋಡಲಿಲ್ಲ.

 

ಸೆಪ್ಟೆಂಬರ್ ೧೦, ಬುಧವಾರ

ರಾಮದುರ್ಗದ ಕಡೆಯ ನಮ್ಮ ಉಪಕೇಂದ್ರದ ಹಾಸ್ಟೆಲ್ ಮೊನ್ನೆಯ ಗಾಳಿಗೆ ಸಿಕ್ಕಿದೆ. ಅದಕ್ಕೂ ನೆರವು ಕೇಳಬೇಕಾಗಿದೆ. ನಾಳೆ ಹೋಗಿ ನೋಡಿಕೊಳ್ಳಿ, ನಿಮಗೆ ಅನುಭವವಿದೆ ಎಂದರು ಗೌರೀಶ ಸರ್. ಅಲ್ಲಿಯ ವಾರ್ಡನ್ ರಾಚವ್ವ, ಹೊಸದಾಗಿ ಕೆಲಸಕ್ಕೆ ಸೇರಿದವಳು. ಮಧ್ಯಾಹ್ನ ಫೋನ್ ಮಾಡಿದ್ದಳು. 

"ಮೇಡಮ್, ಮ್ಯಾಲಿನ ಖೋಲ್ಯಾಗ ಹುಡುಗ್ಯಾರದಾರ್ರಿ. ಗ್ವಾಡಿ ನೋಡಿದ್ರ ಜೀವ ಝಲ್ ಅಂತೈತಿ. ಇವತ್ತ ಕೆಳಗ ಇಳಿಸಿಬಿಡ್ಲೇನ್ರಿ?"

"ಅವಸರ ಮಾಡಬ್ಯಾಡ್ರಿ. ನಾ ನಾಳೆ ಬಂದು ನೋಡತೇನಿ. ಖಾಲಿ ಮಾಡಿದ್ರ ನಿಮಗ ತೊಂದ್ರಿ ಆಗತೈತಿ."

ಆದರೂ ಅವಳು ಬಿಡಲಿಲ್ಲ.

"ಅಲ್ರಿ ಮೇಡಮ್, ನಿಮ್ಮಲ್ಲಿ ಒಂದು ಹುಡುಗಿಗೆ ಪೆಟ್ಟಾತು ಅಂತ ಕೇಳಿದ್ದೆ?"

"ಅದು ಬ್ಯಾರೆ. ಆ ಹುಡುಗಿ ತಾನಾಗೇ ಮ್ಯಾಲ ಹೋಗಿದ್ಲು."

"ಹೌದೇನ್ರಿ? ಹಂಗಾರ ಇರ್ಲಿ ಬಿಡ್ರಿ" ಎಂದಳು. ಧ್ವನಿ ಹಗುರವಾಗಿತ್ತು. ಪಾಪ, ಹೇಳಿಕೊಡುವವರು ಯಾರೂ ಇಲ್ಲದೆ ಹೆದರಿದ್ದಳು.

ನಾಳೆ ಬೆಳಗಿನ ಬಸ್ಸಿಗೇ ಹೊರಡುತ್ತೇನೆ. ರಾಮದುರ್ಗದ ಕಡೆ ಈಗಲೇ ಮೋಡ ಕಪ್ಪಗೆ ಇಳಿದಿದೆ. ಮಳೆ ಬಂದರೆ ಬರಲಿ. ಗೋಡೆ ಒದ್ದೆಯಾಗಿದ್ದರೆ ಬಿರುಕು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ.